ಕೆಲಸಗಾರರೇ ಒಡೆಯರಾಗಿರುವ ದೊಡ್ಡ ಸಂಸ್ಥೆ ಭಾರತದಲ್ಲಿ ಬಾಳಿದ್ದುಂಟೇ?

ಉಂಟು. ಕಣ್ಣೂರಿನ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಅದಕ್ಕೆ ಒಳ್ಳೆಯ ನಿದರ್ಶನ. ಬೀಡಿ ಕಾರ್ಮಿಕರಿಗೆ ಕನಿಷ್ಠ ಸೌಲಭ್ಯಗಳನ್ನು ಕಡ್ಡಾಯಗೊಳಿಸಿದ 1966ರ ಕಾಯ್ದೆಯನ್ನು ಕೇರಳ ಸರ್ಕಾರ ಜಾರಿಗೆ ತಂದಾಗ, ಅಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರು ಮೂಲದ ಮಾಲೀಕರು 1968ರಲ್ಲಿ ವ್ಯವಹಾರ ಮುಚ್ಚಿ ಹೊರಟರು. ಕೆಲಸ ಕಳೆದುಕೊಂಡ ಸಾವಿರಾರು ಮಂದಿ ಸರ್ಕಾರದ ನೆರವಿನೊಂದಿಗೆ 1969ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು.

ಕೇಂದ್ರ ಸಂಘದ ಅಡಿಯಲ್ಲಿದ್ದ ಸ್ಥಳೀಯ ಘಟಕಗಳಾದ ಪ್ರಾಥಮಿಕ ಸಂಘಗಳ ನಿರ್ದೇಶಕರಲ್ಲಿ ಹೆಚ್ಚಿನವರನ್ನು ಕಾರ್ಮಿಕರೇ ಆರಿಸುತ್ತಿದ್ದರು. ಭವಿಷ್ಯ ನಿಧಿ, ಬೋನಸ್, ವೇತನಸಹಿತ ರಜೆಯಂಥ, ಬೀಡಿ ಉದ್ಯಮದಲ್ಲಿ ಅಪರೂಪವಾಗಿದ್ದ ಸೌಲಭ್ಯಗಳೂ ಅವರಿಗೆ ದೊರೆತವು. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅಲ್ಲಿನ ಓದಿನ ರೂಢಿ: ಎಲ್ಲರೂ ಎಲೆ ಸುತ್ತುತ್ತಿರುವಾಗ ಒಬ್ಬ ಕೆಲಸಗಾರ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ, ಅವನ ಪಾಲಿನ ಬೀಡಿಗಳನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಮಲಬಾರಿನ ಬೀಡಿ ಕಾರ್ಮಿಕರಲ್ಲಿ ಮೊದಲೇ ಇದ್ದ ಈ ಪದ್ಧತಿಯನ್ನು ಸಂಘ ವ್ಯರ್ಥ ಕಾಲಹರಣವೆಂದು ಎಣಿಸಲಿಲ್ಲ.

ಆದರೆ ಆಂತರಿಕ ಪ್ರಜಾಪ್ರಭುತ್ವ ಮಾರುಕಟ್ಟೆಯಿಂದ ರಕ್ಷಣೆ ಕೊಡುವುದಿಲ್ಲ. ಕಡಿಮೆ ಕೂಲಿಗೆ ಮನೆಗಳಲ್ಲಿ ಕಟ್ಟಿಸಿದ ಅಗ್ಗದ ಬೀಡಿಗಳ ಪೈಪೋಟಿ ಒಂದೆಡೆ, ಧೂಮಪಾನದ ಇಳಿಕೆ ಇನ್ನೊಂದೆಡೆ (ಇದು ಸ್ವಾಗತಾರ್ಹವೇ) ಬೇಡಿಕೆಯನ್ನು ಕುಗ್ಗಿಸಿದವು. ಕೆಲಸಗಾರರನ್ನು ಕೈಬಿಡುವ ಬದಲು ಸಂಘವು ಕೊಡೆ, ಸಿದ್ಧ ಉಡುಪು, ಆಹಾರ ಪದಾರ್ಥಗಳ ತಯಾರಿಕೆಗೂ ಇಳಿಯಿತು.