ಓದುಗರ ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಪಾತ್ ಎಲ್ಲರ ಬಿಲ್ಡ್ ಕೆಡಿಸುತ್ತಿದೆ

ಪ್ರಶ್ನೆ: ನಾವು ಐದು ಜನ ಸೇರಿ ಒಂದು ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇವೆ. ಪೇಮೆಂಟ್ ಲೈಬ್ರರಿ ಬೇರೆ ರೆಪೊದಲ್ಲಿದೆ (ಗಿಟ್‌ನಲ್ಲಿ ಕೋಡ್ ಇಡುವ ಜಾಗ). ಅದನ್ನು ತಿದ್ದಿದ ಕೂಡಲೇ ಆ್ಯಪ್‌ನಲ್ಲಿ ನೋಡಬೇಕಾಗುತ್ತದೆ. ಅದಕ್ಕೆ ಗ್ರೇಡಲ್‌ನ (ಕೋಡಿನಿಂದ ಆ್ಯಪ್ ಬಿಲ್ಡ್ ಮಾಡುವ ಸಾಧನ) ಸೆಟ್ಟಿಂಗ್ಸ್.ಗ್ರೇಡಲ್ ಫೈಲಿನಲ್ಲಿ ನನ್ನ ಫೋಲ್ಡರಿನ ಪಾತ್, ಅಂದರೆ ಅದು ಇರುವ ವಿಳಾಸ, ಬರೆದುಕೊಳ್ಳುತ್ತೇನೆ. ಅದು ಕಮಿಟ್ ಆಗಿಬಿಟ್ಟರೆ ಉಳಿದವರ ಬಿಲ್ಡ್ ನಿಲ್ಲುತ್ತದೆ. ಒಬ್ಬರದು ವಿಂಡೋಸ್, ಮಿಕ್ಕವರದು ಲಿನಕ್ಸ್. ಏನು ಮಾಡಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಹುಷಾರಾಗಿ ಕಮಿಟ್ ಮಾಡಿ ಅಂತ ನಾನು ಹೇಳುವುದಿಲ್ಲ. ಆತುರದಲ್ಲಿ ಯಾರಾದರೂ ಒಬ್ಬರು ಎಲ್ಲ ಫೈಲನ್ನೂ ಆ್ಯಡ್ ಮಾಡಿಯೇ ಮಾಡುತ್ತಾರೆ. ಎಲ್ಲರೂ ಹಂಚಿಕೊಳ್ಳುವ ಫೈಲಿನಲ್ಲಿ ಒಬ್ಬರ ಪಾತ್ ಇರಲೇಬಾರದು. ಬಿಲ್ಡ್ ಕೆಲಸವನ್ನೇ ಮಾಡಿಕೊಂಡು ಬಂದವಳು ನಾನು, ಈ ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬಿಡುವುದಿಲ್ಲ.

ದಾರಿ ಸುಲಭವಾಗಿದೆ. ಪ್ರತಿಯೊಬ್ಬರ ಹೋಮ್ ಫೋಲ್ಡರಿನಲ್ಲೂ ಡಾಟ್‌ಗ್ರೇಡಲ್ ಅನ್ನುವ ಫೋಲ್ಡರ್ ಇರುತ್ತದೆ. ಅದರೊಳಗೆ ಗ್ರೇಡಲ್.ಪ್ರಾಪರ್ಟೀಸ್ ಫೈಲ್ ಇಟ್ಟರೆ ಗ್ರೇಡಲ್ ತಾನಾಗಿಯೇ ಓದುತ್ತದೆ. ಅದು ರೆಪೊದ ಹೊರಗಿರುವುದರಿಂದ ಕಮಿಟ್ ಆಗುವ ಮಾತೇ ಇಲ್ಲ. ನಿಮ್ಮ ಪಾತನ್ನು ‘ಪೇಮೆಂಟ್‌ಪಾತ್’ ಅಂತ ಒಂದು ಹೆಸರು ಕೊಟ್ಟು ಅಲ್ಲಿ ಬರೆಯಿರಿ. ಸೆಟ್ಟಿಂಗ್ಸ್.ಗ್ರೇಡಲ್‌ನಲ್ಲಿ ಇರಬೇಕಾದ್ದು ಒಂದು ಇಫ್ ಅಷ್ಟೇ: ಆ ಹೆಸರಿನ ಪ್ರಾಪರ್ಟಿ ಇದ್ದರೆ ಆ ಪಾತನ್ನು ಇನ್‌ಕ್ಲೂಡ್‌ಬಿಲ್ಡ್‌ಗೆ (ಬೇರೆ ಫೋಲ್ಡರಿನ ಬಿಲ್ಡನ್ನು ಜೊತೆಗೆ ಸೇರಿಸುವ ಆಜ್ಞೆ) ಕೊಡು, ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗು. ಪ್ರಾಪರ್ಟಿ ಇಟ್ಟುಕೊಳ್ಳದ ಗೆಳೆಯರಿಗೂ ಸಿಐ ಸರ್ವರಿಗೂ (ಪುಶ್ ಆದ ಕೋಡನ್ನು ತಾನಾಗಿ ಬಿಲ್ಡ್ ಮಾಡಿ ನೋಡುವ ಯಂತ್ರ) ಪಬ್ಲಿಷ್ ಆದ ಲೈಬ್ರರಿಯೇ ಸಿಗುತ್ತದೆ.

ಹೀಗೆ ಬೇರೆ ಬಿಲ್ಡನ್ನು ಸೇರಿಸಿಕೊಳ್ಳುವ ಈ ‘ಕಾಂಪೋಸಿಟ್ ಬಿಲ್ಡ್’ ಸೌಲಭ್ಯ 2016ರಲ್ಲಿ ಗ್ರೇಡಲ್ 3.1ರ ಜೊತೆ ಬಂತು. ಆ್ಯಪ್‌ಗೆ ಯಾವ ಲೈಬ್ರರಿ ಬೇಕು ಎಂದು ಹೇಳುವ ಡಿಪೆಂಡೆನ್ಸಿ ಸಾಲನ್ನು ನೀವು ಮುಟ್ಟಬೇಕಾಗಿಲ್ಲ. ಲೈಬ್ರರಿಯ ಗ್ರೂಪ್ ಮತ್ತು ಹೆಸರು ಹೊಂದಿಕೆಯಾದರೆ, ವರ್ಷನ್ ಏನೇ ಇರಲಿ, ಗ್ರೇಡಲ್ ನಿಮ್ಮ ಫೋಲ್ಡರಿನ ಕೋಡನ್ನೇ ತೆಗೆದುಕೊಳ್ಳುತ್ತದೆ. ಗ್ರೂಪಿನಲ್ಲಿ ಒಂದು ಅಕ್ಷರ ತಪ್ಪಿದರೆ ಮಾತ್ರ ಎರರ್ ಏನೂ ತೋರಿಸದೆ ಪಬ್ಲಿಷ್ ಆದ ಹಳೆಯ ಜಾರ್ ಅಥವಾ ಎಎಆರ್ (ಬಿಲ್ಡ್ ಆದ ಲೈಬ್ರರಿ ಫೈಲ್) ಹಾಕಿಕೊಂಡುಬಿಡುತ್ತದೆ. ತಿದ್ದಿದ್ದು ಕಾಣಿಸಲೇ ಇಲ್ಲ ಅಂತ ಜನ ಜಾಸ್ತಿ ತಲೆಕೆಡಿಸಿಕೊಳ್ಳುವುದು ಇಲ್ಲೇ. ಡಿಪೆಂಡೆನ್ಸೀಸ್ ಟಾಸ್ಕ್ ಓಡಿಸಿ ನೋಡಿ. ಲೈಬ್ರರಿ ಹೆಸರಿನ ಮುಂದೆ ಬಾಣದ ಗುರುತು, ಅದರ ಮುಂದೆ ಪ್ರಾಜೆಕ್ಟ್ ಅಂತ ಇದ್ದರೆ ಸರಿಯಾಗಿದೆ.

ವಿಂಡೋಸ್ ಗೆಳೆಯರಿಗೆ ಒಂದು ಮಾತು ಹೇಳಿ. ಪ್ರಾಪರ್ಟೀಸ್ ಫೈಲಿನಲ್ಲಿ ಬ್ಯಾಕ್‌ಸ್ಲ್ಯಾಶಿಗೆ ಬೇರೆ ಅರ್ಥವಿದೆ. ಡಿ ಡ್ರೈವಿನ ‘ನ್ಯೂ’ ಫೋಲ್ಡರನ್ನು ಬ್ಯಾಕ್‌ಸ್ಲ್ಯಾಶ್ ಹಾಕಿ ಬರೆದರೆ, ಆ ಬ್ಯಾಕ್‌ಸ್ಲ್ಯಾಶ್ ಮತ್ತು ಎನ್ ಸೇರಿ ಹೊಸ ಸಾಲಾಗಿಬಿಡುತ್ತದೆ, ಪಾತ್ ಅಲ್ಲೇ ಮುರಿಯುತ್ತದೆ. ವಿಂಡೋಸಿನಲ್ಲೂ ಫಾರ್ವರ್ಡ್ ಸ್ಲ್ಯಾಶನ್ನೇ ಬರೆಯಲಿ.

ಲೋಕಲ್.ಪ್ರಾಪರ್ಟೀಸ್‌ನಲ್ಲಿ ಬರೆಯಬಾರದಾ ಅಂತ ಕೇಳಬಹುದು. ಆಂಡ್ರಾಯ್ಡ್ ಎಸ್‌ಡಿಕೆ ಪಾತ್ ಇರುವುದು ಅಲ್ಲೇ ಅಲ್ವಾ? ಬರೆಯಬಹುದು, ಆದರೆ ಅದನ್ನು ಗ್ರೇಡಲ್ ತಾನಾಗಿ ಓದುವುದಿಲ್ಲ, ಓದುವ ಕೋಡನ್ನು ನೀವೇ ಬರೆಯಬೇಕು. ಮೇವನ್‌ಲೋಕಲ್ (ಬಿಲ್ಡ್ ಆದ ಲೈಬ್ರರಿಗಳನ್ನು ನಿಮ್ಮ ಯಂತ್ರದಲ್ಲೇ ಇಡುವ ಫೋಲ್ಡರ್) ಬಳಸಿ ಅನ್ನುವವರೂ ಇದ್ದಾರೆ. ನನಗದು ಇಷ್ಟವಿಲ್ಲ. ಯಾವಾಗಲೋ ಬಿಲ್ಡ್ ಮಾಡಿಟ್ಟ ಫೈಲ್ ಅಲ್ಲೇ ಕೂತಿರುತ್ತದೆ, ಯಾವುದು ಓಡುತ್ತಿದೆ ಎಂದೇ ತಿಳಿಯುವುದಿಲ್ಲ. ಫೈಲ್ ಬದಲಾಗಿಲ್ಲ ಅಂತ ಅಂದುಕೊಳ್ಳಲು ಹೇಳುವ ಗಿಟ್‌ನ ಅಸ್ಯೂಮ್-ಅನ್‌ಚೇಂಜ್ಡ್ ಆಯ್ಕೆಯನ್ನಂತೂ ಇದಕ್ಕೆ ಬಳಸಲೇಬೇಡಿ. ಅದಿರುವುದು ಈ ಕೆಲಸಕ್ಕಲ್ಲ. ಆ ಫೈಲನ್ನು ಬೇರೆಯವರು ಬದಲಿಸಿದ ದಿನ ನಿಮ್ಮ ಪುಲ್ ಅಡ್ಡ ಬೀಳುತ್ತದೆ.

ಇನ್‌ಕ್ಲೂಡ್ ಆದಾಗ ಕನ್ಸೋಲಿನಲ್ಲಿ ‘ಲೋಕಲ್ ಪೇಮೆಂಟ್ ಬಳಸುತ್ತಿದೆ’ ಎಂದು ಒಂದು ಸಾಲು ಪ್ರಿಂಟ್ ಮಾಡಿಸಿ. ನಿಮ್ಮ ಯಂತ್ರದಲ್ಲಿ ಎಲ್ಲ ಸರಿ ಇದ್ದೂ ಸಿಐನಲ್ಲಿ ಬಿದ್ದರೆ, ಹೊಸ ಲೈಬ್ರರಿ ಇನ್ನೂ ಪಬ್ಲಿಷ್ ಆಗಿಲ್ಲದಿರಬಹುದು. ಮೊದಲು ಲೈಬ್ರರಿ ಪಬ್ಲಿಷ್ ಮಾಡಿ, ಆ್ಯಪ್‌ನಲ್ಲಿ ವರ್ಷನ್ ಏರಿಸಿ. ಗ್ರೇಡಲ್.ಪ್ರಾಪರ್ಟೀಸ್‌ನಲ್ಲಿ ಪಾತ್ ಸಾಲಿನ ಶುರುವಿನಲ್ಲಿ ಹ್ಯಾಶ್ ಹಾಕಿ (ಆಗ ಗ್ರೇಡಲ್ ಆ ಸಾಲನ್ನು ಓದುವುದಿಲ್ಲ) ಒಮ್ಮೆ ಬಿಲ್ಡ್ ಮಾಡಿ ನೋಡಿ, ಆಮೇಲೆ ಪುಶ್ ಮಾಡಿ.