ಓದುಗರ ಪ್ರಶ್ನೆ: ಮನೆಪಾಟ್ ಹಾಡಬೇಕಾದವರು ಯಾರು?

ಪ್ರಶ್ನೆ: ಕಳೆದ ಪುತ್ತರಿಗೆ, ಅಂದರೆ ಕೊಡವರ ಸುಗ್ಗಿಹಬ್ಬಕ್ಕೆ, ನಮ್ಮ ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಮನೆಯನ್ನು ಹರಸುವ ಮನೆಪಾಟ್ ಹಾಡುವವರು ಬರಲಿಲ್ಲ. ಮಕ್ಕಳು ಯೂಟ್ಯೂಬ್‌ನಿಂದ ಒಂದು ಹಾಡು ಹುಡುಕಿ ಸ್ಪೀಕರಿಗೆ ಹಾಕಿದರು. ಅದೇ ಮಕ್ಕಳಿಗೆ ಕೊರಿಯಾದ ಹಾಡುಗಳು ಬಾಯಿಪಾಠವಾಗಿವೆ. ಜಾಗತಿಕ ಮಾಧ್ಯಮಗಳು ನಮ್ಮಂಥ ಸಣ್ಣ ಸಮುದಾಯಗಳ ಸಂಸ್ಕೃತಿಯನ್ನು ನುಂಗುತ್ತಿವೆಯೇ?
– ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ಆ ಸ್ಪೀಕರಿನ ಹಾಡು ಯಾರ ಮನೆಯನ್ನು ಹರಸಿತು ಎಂಬುದನ್ನು ತಾವು ಗಮನಿಸಿದಿರಾ? ಮನೆಪಾಟ್‌ನಂಥ ದುಡಿಕೊಟ್ಟ್ ಪಾಟ್, ಅಂದರೆ ದುಡಿ ಎಂಬ ಚರ್ಮವಾದ್ಯ ಬಡಿದು ಹಾಡುವ ಹಾಡು, ಪೂರ್ತಿ ಸಿದ್ಧಪಾಠವಲ್ಲ. ದುಡಿ ಬಡಿಯುತ್ತ ‘ಬಾಳೊ ಬಾಳೊ’ ಎಂದು ಎತ್ತಿಕೊಳ್ಳುವ ಹಾಡುಗಾರರು, ತಾವು ನಿಂತಿರುವ ಅಂಗಳದ ಒಕ್ಕದ, ಅಂದರೆ ಮನೆತನದ, ಹೆಸರನ್ನೂ ಊರನ್ನೂ ಅದೇ ಧಾಟಿಗೆ ಹೊಂದಿಸಿ ಹಾಡುತ್ತಾರೆ. ಧ್ವನಿಮುದ್ರಿತ ಹಾಡು ಬೇರೊಂದು ಮನೆಯ ಹೆಸರು ಹೇಳಿ ಮುಗಿಯುತ್ತದೆ. ತಮ್ಮ ಮನೆಗೆ ಆದ ನಷ್ಟ ಇಷ್ಟೇ, ಆದರೆ ಇದು ಸಣ್ಣದಲ್ಲ.

ಹೊಸ ಮಾಧ್ಯಮ ಬಂದಾಗಲೆಲ್ಲ ಹೀಗೆಯೇ ಆಯಿತು ಎನ್ನಲಾಗದು. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಅಚ್ಚು ಹಾಕಿಸಿದರು, ಆ ಪುಸ್ತಕ ಹಾಡುಗಾರರಿಗೆ ಆಸರೆಯಾಯಿತೇ ಹೊರತು ಅವರ ಜಾಗಕ್ಕೆ ಬಂದು ಕೂರಲಿಲ್ಲ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್ ಕೇಳಿಬರುವುದೂ, ಕೇಳುಗರು ಯಾರೆಂದು ಬಲ್ಲವರು ಅಲ್ಲಿ ಕೂತಿರುವುದರಿಂದಲೇ. 1991ರಲ್ಲಿ ಹಾಂಗ್‌ಕಾಂಗ್‌ನಿಂದ ಸ್ಟಾರ್ ಟಿವಿ ಬಂದಂದಿನಿಂದ ಲೆಕ್ಕ ಬದಲಾಯಿತು. ಉಪಗ್ರಹ ವಾಹಿನಿಗೆ ಬೇಕಾದದ್ದು ಜಾಹೀರಾತುದಾರ, ಅವನಿಗೆ ಬೇಕಾದದ್ದು ದೊಡ್ಡ ಸಂಖ್ಯೆ. ಇಂದಿನ ಮೊಬೈಲ್ ವೇದಿಕೆಗಳದ್ದೂ ಅದೇ ಲೆಕ್ಕಾಚಾರ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ಮಾತೃಭಾಷೆ ಎಂದು ಬರೆಸಿದವರು 1,13,857 ಮಂದಿ. ಇಷ್ಟು ಜನರಿಗಾಗಿ ಯಾವ ವಾಹಿನಿಯೂ ಧಾರಾವಾಹಿ ತೆಗೆಯುವುದಿಲ್ಲ. 2001ರಲ್ಲಿ ಆ ಸಂಖ್ಯೆ 1,66,187 ಇತ್ತು. ಈ ಇಳಿಕೆಯನ್ನು ಟಿವಿಯ ತಲೆಗೆ ಮಾತ್ರ ಕಟ್ಟಬಾರದು: ಬೆಂಗಳೂರಿಗೆ ಹೋದ ಮನೆಗಳೂ, ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತಾಡುವ ನಾವೂ ಇದಕ್ಕೆ ಹೊಣೆ. (ಕೊಡವ ತಕ್ಕ್‌ಗೂ ಕೊಡಗಿನ ಇನ್ನೊಂದು ನುಡಿಯಾದ ಅರೆಭಾಷೆಗೂ ಅಕಾಡೆಮಿಗಳಾದರೂ ಇವೆ, ತೋಟದ ಲೈನ್‌ಮನೆಗಳಲ್ಲಿ ಹಾಡುವ ಯರವ ಬುಡಕಟ್ಟಿನವರ ಪದಗಳಿಗೆ ತಮ್ಮದೆನ್ನುವ ಅಕಾಡೆಮಿಯೂ ಇಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.)

ಅದೇ ಯೂಟ್ಯೂಬ್ ಕೊಡವ ಹಾಕಿ ಹಬ್ಬಕ್ಕೆ ಉಪಕಾರ ಮಾಡಿದೆ. 1997ರಲ್ಲಿ ಕರಡದಲ್ಲಿ ಆರಂಭವಾದ ಈ ಹಬ್ಬದಲ್ಲಿ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಒಕ್ಕಗಳ ತಂಡಗಳು ಆಡಿದವು. ಊರಿಗೆ ಬರಲಾಗದವರು ನೇರಪ್ರಸಾರದಲ್ಲಿ ನೋಡಿದರು. ಅಲ್ಲಿ ಒಕ್ಕದವರು ಮೈದಾನಕ್ಕೆ ಇಳಿಯಲೇಬೇಕು, ಅವರ ಬದಲಿಗೆ ಫೋನು ಆಡದು. ಮಾಧ್ಯಮವು ನಾವು ಸೇರಿ ಮಾಡುವುದನ್ನು ದೂರಕ್ಕೆ ಮುಟ್ಟಿಸಿದರೆ ಒಳ್ಳೆಯದು, ನಮ್ಮ ಬದಲಿಗೆ ಮಾಡಿಬಿಟ್ಟರೆ ಕೇಡು ಎಂಬುದೇ ನನ್ನ ಅಭಿಪ್ರಾಯ. ಆದ್ದರಿಂದ ಕೊರಿಯಾದ ಹಾಡಿನ ಮೇಲೆ ಮುನಿಯಬೇಡಿ. ಪರಭಾಷೆಯ ಹಾಡನ್ನು ಬಾಯಿಪಾಠ ಮಾಡಬಲ್ಲ ಮಕ್ಕಳಿಗೆ ಮನೆಪಾಟ್ ಕಷ್ಟವೇನಲ್ಲ.

ತಮ್ಮ ನಾಡಿನಲ್ಲಿ ಹಾಡಬಲ್ಲ ಹಿರಿಯರೊಬ್ಬರನ್ನು ಮುಂದಿನ ಪುತ್ತರಿಗೆ ಮೊದಲೇ ಮನೆಗೆ ಕರೆಯಿಸಿ. ತಮ್ಮ ಒಕ್ಕದ ಹೆಸರು ಸೇರಿಸಿಯೇ ಅವರಿಂದ ಹಾಡಿಸಿ, ಮಕ್ಕಳ ಫೋನಿನಲ್ಲೇ ಧ್ವನಿಮುದ್ರಿಸಿಕೊಳ್ಳಿ, ಆ ಮುದ್ರಣ ಕಲಿಯಲಿಕ್ಕೆ ಮಾತ್ರ ಇರಲಿ. ದುಡಿ ಚಿಕ್ಕ ವಾದ್ಯ, ಹತ್ತು ವರ್ಷದ ಮಗುವಿನ ಕೈಗೂ ಹಿಡಿಸುತ್ತದೆ. ಕದಿರು ತೆಗೆದು ಮನೆಗೆ ಬಂದ ರಾತ್ರಿ ಸ್ಪೀಕರು ಒಳಗೇ ಇರಲಿ. ಮಕ್ಕಳು ನಾಲ್ಕು ಸಾಲು ತಪ್ಪಿ ಹಾಡಿದರೂ ತಿದ್ದಲು ಹೋಗದೆ, ಕೊನೆಯವರೆಗೂ ಕೂತು ಕೇಳಿ.