ದೀನತೆಯ ಬೆನ್ನಿಗೇ ಬರುವ ಗರ್ವ

ಪ್ರಶ್ನೆ: ನಾನು ಗಂಗಾವತಿ ತಾಲ್ಲೂಕಿನ ರೈತ, ನಮ್ಮ ಕ್ರೈಸ್ತ ಸಭೆಯ ಖಜಾಂಚಿಯೂ ಹೌದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಸೋನಾ ಮಸೂರಿಯ ಮೊದಲ ಚೀಲವನ್ನು ಪ್ರತಿ ವರ್ಷ ಸುಗ್ಗಿ ಹಬ್ಬದ ಆರಾಧನೆಗೆ ಒಪ್ಪಿಸುತ್ತೇನೆ. ಈ ಸಲ ಕಾಣಿಕೆಗಳ ಹರಾಜಿನ ಹೊತ್ತಿಗೆ ಕಾರ್ಯದರ್ಶಿಗಳು ಮೈಕಿನಲ್ಲಿ ಕೊಟ್ಟವರೆಲ್ಲರ ಹೆಸರನ್ನೂ ಓದಿ ನನ್ನದೊಂದನ್ನು ಬಿಟ್ಟಾಗ, ಹಬ್ಬದ ಊಟಕ್ಕೂ ಕೂಡದೆ ಮನೆಗೆ ಬಂದೆ. ರಾತ್ರಿ ಪ್ರಾರ್ಥನೆಯಲ್ಲಿ ನನ್ನ ಗರ್ವವನ್ನು ಅರಿಕೆ ಮಾಡಿಕೊಂಡೆ. ಮರುಕ್ಷಣವೇ, ಇಷ್ಟನ್ನಾದರೂ ಒಪ್ಪಿಕೊಳ್ಳುವವರು ನಮ್ಮ ಸಭೆಯಲ್ಲಿ ಎಷ್ಟು ಮಂದಿಯಿದ್ದಾರೆ ಎಂಬ ಯೋಚನೆ ಬಂತು. ಇದಕ್ಕೆ ಕೊನೆಯಿದೆಯೇ? ಖಜಾಂಚಿ ಕೆಲಸ ಬಿಟ್ಟುಬಿಡಲೇ?

ಉತ್ತರ: ನಿಮ್ಮ ಆ ಎರಡನೆಯ ಯೋಚನೆ ಹಳೆಯದು. ಹಿಪ್ಪೋ ಪಟ್ಟಣದ ಬಿಷಪ್ ಆಗಿದ್ದು 430ರಲ್ಲಿ ತೀರಿಕೊಂಡ ಆಗಸ್ಟೀನರು, ಉಳಿದ ಪಾಪಗಳು ಕೆಟ್ಟ ಕೆಲಸಗಳನ್ನು ಮಾಡಿಸಿದರೆ ಗರ್ವವು ಒಳ್ಳೆಯ ಕೆಲಸಗಳನ್ನೂ ಕೆಡಿಸಲು ಹೊಂಚು ಹಾಕಿರುತ್ತದೆಂದು ಮಠವಾಸಿಗಳಿಗಾಗಿ ಬರೆದ ನಿಯಮಾವಳಿಯಲ್ಲಿ ಎಚ್ಚರಿಸಿದ್ದಾರೆ. ಅರಿಕೆಯೂ ಒಳ್ಳೆಯ ಕೆಲಸವೇ ಆದ್ದರಿಂದ ಅದೂ ಗರ್ವದ ಕೈಗೆ ಸಿಕ್ಕಿತು. ಹಾಗೆಂದು ಆ ಯೋಚನೆಗಾಗಿ ಮತ್ತೊಂದು ಅರಿಕೆ, ಅದರಿಂದ ಮೂಡುವ ಸಮಾಧಾನಕ್ಕಾಗಿ ಇನ್ನೊಂದು ಎಂದು ಹೊರಟರೆ, ಪ್ರಾರ್ಥನೆಯುದ್ದಕ್ಕೂ ನೀವು ನೋಡುತ್ತಿರುವುದು ನಿಮ್ಮನ್ನೇ.

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ, ಎಂದರೆ ನೀತಿಕಥೆಯಲ್ಲಿ, ಪ್ರಾರ್ಥಿಸಲು ದೇವಾಲಯಕ್ಕೆ ಹೋದ ಇಬ್ಬರನ್ನು ಗಮನಿಸಿ. ಒಬ್ಬ ಫರಿಸಾಯ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನು; ಅವನ ಪ್ರಾರ್ಥನೆ ಸ್ತೋತ್ರದಿಂದಲೇ ಆರಂಭವಾಗುತ್ತದೆ. ವಾರಕ್ಕೆರಡು ಉಪವಾಸ, ಸಂಪಾದನೆಯಲ್ಲಿ ಹತ್ತನೆಯ ಪಾಲು ಎಂದು ಅವನು ಹೇಳಿದ್ದರಲ್ಲಿ ಸುಳ್ಳಿತ್ತೆಂದು ಯೇಸು ಎಲ್ಲಿಯೂ ಹೇಳುವುದಿಲ್ಲ. ಅವನ ಕಣ್ಣು ಪಕ್ಕದವನ ಕಡೆಗೆ ಹೊರಳಿದ್ದೇ ಕೆಟ್ಟದ್ದಾಯಿತು. ಆ ಪಕ್ಕದವನು, ಜನ ಪಾಪಿಯೆಂದು ಕಡೆಗಣಿಸುತ್ತಿದ್ದ ಸುಂಕ ವಸೂಲಿಯವನಾದರೋ, ದೂರದಲ್ಲಿ ನಿಂತು, ಎದೆ ಬಡಿದುಕೊಂಡು, ಕರುಣೆ ಬೇಡಿ ಹೊರಟುಹೋದ. ಅವನು ನೀತಿವಂತನೆನಿಸಿಕೊಂಡು ಮನೆಗೆ ಹೋದನೆಂಬ ಮಾತು ಕರ್ತನಾದ ಯೇಸುವಿನದು. ಅದು ಅವನಿಗೂ ತಿಳಿದಿತ್ತೆಂದು ಸಾಮ್ಯ ಹೇಳುವುದಿಲ್ಲ. ತನ್ನ ದೀನತೆ ಎಷ್ಟು ಶುದ್ಧವೆಂದು ಅಳೆಯುವ ಕೆಲಸ ಅವನಿಗೆ ಇರಲಿಲ್ಲ, ನಿಮಗೂ ಇಲ್ಲ.

ಕೊನೆಯಿದೆಯೇ ಎಂದು ಕೇಳಿದಿರಿ. ಈ ಬದುಕಿನಲ್ಲಿ ಪೂರ್ತಿಯಾಗಿ ಇಲ್ಲ. ತಾನಿನ್ನೂ ಸಿದ್ಧಿಗೆ ಬಂದವನಲ್ಲವೆಂದು ಅಪೊಸ್ತಲನಾದ ಪೌಲನೇ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದಿದ್ದಾನೆ. ಗರ್ವಪಡದಂತೆ ತನ್ನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆಯಬೇಕೆಂದು ಮೂರು ಸಾರಿ ಬೇಡಿಕೊಂಡಾಗಲೂ, ಕೃಪೆಯೇ ಸಾಕೆಂಬ ಉತ್ತರ ಬಂತೇ ಹೊರತು ಶೂಲ ಹೋಯಿತೆಂದು ಅವನು ಬರೆದಿಲ್ಲ. ಆದರೆ ಮನುಷ್ಯನಲ್ಲಿ ಕುಂದು ಉಳಿದೇ ಇರುತ್ತದೆಂಬುದು ನೀವು ಊಟ ಬಿಟ್ಟು ಎದ್ದು ಬಂದದ್ದಕ್ಕೆ ಸಮರ್ಥನೆಯಾಗದು. ಕಾರ್ಯದರ್ಶಿಗಳ ಮನೆಗೆ ಹೋಗಿ, ಅಂದು ಮುನಿಸಿಕೊಂಡಿದ್ದೆನೆಂದು ಎರಡು ಮಾತಿನಲ್ಲಿ ಹೇಳಿ, ಚಹಾ ಕುಡಿದು ಬನ್ನಿ. (ಕಾಣಿಕೆದಾರರ ಪಟ್ಟಿಯನ್ನು ಮೈಕಿನಲ್ಲಿ ಓದುವ ಪದ್ಧತಿ ನನಗೂ ಹಿಡಿಸದು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ವಾಕ್ಯವನ್ನೂ ನಾವು ಅದೇ ಮೈಕಿನಲ್ಲಿ ಓದುತ್ತೇವೆ. ಆದರೆ ಈ ವರ್ಷ ಆ ವಿಷಯವನ್ನು ನೀವು ಎತ್ತಬೇಡಿ, ಬೇರೆ ಯಾರಾದರೂ ಎತ್ತಲಿ.)

ಖಜಾಂಚಿ ಕೆಲಸವನ್ನು ಬಿಡಬೇಡಿ. ಮುನಿಸಿನಲ್ಲಿ ಕೊಟ್ಟ ರಾಜೀನಾಮೆಯನ್ನು ಸಭೆಯವರು ದೀನತೆಯೆಂದು ಹೊಗಳಿಬಿಟ್ಟರೆ ನಿಮಗೆ ಇನ್ನೊಂದು ತೊಡಕು. ಅವಧಿ ಮುಗಿಯುವವರೆಗೆ ಲೆಕ್ಕ ಬರೆಯಿರಿ.